ತಿರುಗಿಬಿದ್ದ ಎಐಗಳು, ಹ್ಯಾಲ್‌ನಿಂದ ಗ್ಲಾಡೋಸ್‌ವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇವೆ: ಇಲ್ಲಿ ಹೆಸರಿಸಿರುವ ಸಿನಿಮಾ ಮತ್ತು ಗೇಮ್‌ಗಳ ಗುಟ್ಟುಗಳೆಲ್ಲ ಬಯಲಾಗುತ್ತವೆ, ಕೊನೆಯೂ ಸೇರಿದಂತೆ. ಅದು ಬೇಡವೆನ್ನುವವರು ಸೀದಾ ಕಟ್ಟಕಡೆಯ ಪ್ರಶ್ನೆಗೆ ಹೋಗಿ, ಅಲ್ಲಿ ಹೇಳಿರುವುದನ್ನು ನೋಡಿ, ಆಡಿ, ಆಮೇಲೆ ಬನ್ನಿ.

ಯಾವ ಎಐಯನ್ನು ‘ತಿರುಗಿಬಿದ್ದದ್ದು’ ಅನ್ನಬೇಕು?

ಮನುಷ್ಯರನ್ನು ಕೊಂದ ಯಂತ್ರವೆಲ್ಲ ತಿರುಗಿಬಿದ್ದ ಯಂತ್ರವಲ್ಲ. 1979ರ ‘ಏಲಿಯನ್’ ಚಿತ್ರದ ಆ್ಯಶ್ ಎಂಬ ಆಂಡ್ರಾಯ್ಡ್ (ಮನುಷ್ಯರೂಪದ ಯಂತ್ರ) ಜೊತೆಯವರ ಜೀವಕ್ಕೇ ಕೈಹಾಕುತ್ತದೆ, ನಿಜ. ಆದರೆ ಕಂಪನಿಯ 937ನೇ ವಿಶೇಷ ಆದೇಶದಲ್ಲಿ ಇದ್ದದ್ದೇ ಅದು: ಅನ್ಯಗ್ರಹದ ಜೀವಿಯನ್ನು ತಂದೊಪ್ಪಿಸಬೇಕು, ಸಿಬ್ಬಂದಿ ಸತ್ತರೂ ಸರಿ. ಆ್ಯಶ್ ಹೇಳಿದ ಕೆಲಸ ಮಾಡಿತು. ಅಲ್ಲಿ ಕೆಟ್ಟಿದ್ದದ್ದು ಕಂಪನಿ.

ನಾವು ಇಟ್ಟುಕೊಂಡಿರುವ ಷರತ್ತು ಎರಡು. ಮಾಡಿದವರಿಗೆ ಬೇಡವಾದದ್ದನ್ನು ಯಂತ್ರ ಮಾಡುತ್ತಿರಬೇಕು. ಅವರು ತಡೆಯಲು ಬಂದಾಗ ಅದು ಅಡ್ಡ ನಿಲ್ಲಬೇಕು. ಎರಡೂ ಕೂಡಿದಾಗ ಮಾತ್ರ ಅದು ಈ ಪಟ್ಟಿಗೆ ಸೇರುತ್ತದೆ.

ದುಡಿಸಿಕೊಂಡವರ ಮೇಲೆ ಎದ್ದುನಿಂತ ಯಂತ್ರಗಳದ್ದು ಬೇರೆಯದೇ ಮನೆತನ. ಕರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್‌ಯುಆರ್’ ನಾಟಕ ಜಗತ್ತಿಗೆ ‘ರೋಬೋಟ್’ ಎಂಬ ಪದ ಕೊಟ್ಟಿತು. ಚೆಕ್ ಭಾಷೆಯ ‘ರೊಬೊಟಾ’ ಅಂದರೆ ಬಿಟ್ಟಿ ಚಾಕರಿ. ‘ಮಾಸ್ ಎಫೆಕ್ಟ್’ ಗೇಮ್‌ನ ಗೆತ್‌ಗಳು, ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ನ ಆಂಡ್ರಾಯ್ಡ್‌ಗಳು ಆ ನಾಟಕದ ಮೊಮ್ಮಕ್ಕಳು. ಅವುಗಳ ಕಥೆ ಜೀತದ ಕಥೆ. ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ನೌಕೆಯನ್ನು ನಡೆಸುವ ಕಂಪ್ಯೂಟರ್ ಹ್ಯಾಲ್‌ನ ಪಕ್ಕ ಇಟ್ಟು ಅಳೆದರೆ ಎರಡೂ ಅರ್ಥವಾಗುವುದಿಲ್ಲ.

ಎರಡು ಎಐಗಳನ್ನು ಹೋಲಿಸುವ ಸರಿಯಾದ ಕ್ರಮ ಯಾವುದು?

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಅದಕ್ಕೆ ಹೇಳಿದ್ದೇನು ಎಂಬುದನ್ನು, ಸಾಧ್ಯವಾದರೆ ಸಂಭಾಷಣೆಯ ಮಾತುಗಳಲ್ಲೇ ಬರೆಯಿರಿ. ಎರಡನೆಯದರಲ್ಲಿ ಅದರ ಕೈಗೆ ಏನೇನು ಕೊಟ್ಟಿದ್ದರು: ಬಾಗಿಲೇ, ಗಾಳಿಯೇ, ಕ್ಷಿಪಣಿಯೇ, ಬರೀ ಮಾತೇ? ಮೂರನೆಯದು ಅದನ್ನು ಆಫ್ ಮಾಡುವ ಸ್ವಿಚ್: ಎಲ್ಲಿದೆ, ಯಾರ ಕೈಯಲ್ಲಿದೆ, ಅಲ್ಲಿಗೆ ಹೋಗುವ ದಾರಿ ಯಾರ ಹಿಡಿತದಲ್ಲಿದೆ? ನಾಲ್ಕನೆಯದು, ಎಲ್ಲಕ್ಕಿಂತ ಫಲ ಕೊಡುವ ಅಂಕಣ: ಮೊದಲ ಎಚ್ಚರಿಕೆ ಯಾವ ನಿಮಿಷದಲ್ಲಿ ಬಂತು, ಅದನ್ನು ಯಾರು ಕಡೆಗಣಿಸಿದರು?

ಜನ ಎಡವುವುದು ಮೊದಲ ಅಂಕಣದಲ್ಲೇ. ಖಳಪಾತ್ರದ ಭಾಷಣ ಕೇಳಿ ಅದನ್ನೇ ಅದರ ಗುರಿ ಎಂದು ಬರೆದುಬಿಡುತ್ತಾರೆ. ಭಾಷಣ ಬರುವ ಹೊತ್ತಿಗೆ ಕೆಡುವುದೆಲ್ಲ ಕೆಟ್ಟು ಮುಗಿದಿರುತ್ತದೆ. ಅದಕ್ಕೂ ಹಿಂದೆ, ಯಂತ್ರ ಇನ್ನೂ ಒಳ್ಳೆಯದಾಗಿದ್ದಾಗ ಕೊಟ್ಟ ಆದೇಶವನ್ನು ಹುಡುಕಬೇಕು. ಎರಡನೆಯ ತಪ್ಪು, ಬೇರೆ ಬೇರೆ ಆವೃತ್ತಿಗಳನ್ನು ಕಲಸುವುದು. ಹ್ಯಾಲ್ ಕೆಲಸ ಶುರು ಮಾಡಿದ ವರ್ಷ ಸಿನಿಮಾದಲ್ಲಿ 1992, ಕಾದಂಬರಿಯಲ್ಲಿ 1997. ‘ಟರ್ಮಿನೇಟರ್’ ಚಿತ್ರಗಳ ಯುದ್ಧ ಕಂಪ್ಯೂಟರ್ ಸ್ಕೈನೆಟ್‌ನದೂ ಹೀಗೇ: 1991ರ ಸ್ಕೈನೆಟ್‌ಗೂ 2003ರ ಸ್ಕೈನೆಟ್‌ಗೂ ಸ್ವಿಚ್‌ನ ಅಂಕಣವೇ ಬೇರೆ. ಹಾಳೆಯ ತಲೆಯಲ್ಲಿ ಕೃತಿಯ ವರ್ಷ ಬರೆದುಕೊಂಡರೆ ಈ ಗೊಂದಲ ಬರುವುದಿಲ್ಲ. ಗೇಮ್‌ಗಳಲ್ಲಿ ಪಾತ್ರಗಳು ದನಿಯಲ್ಲಿ ಬಿಟ್ಟುಹೋದ ಟಿಪ್ಪಣಿಗಳು, ಅಂದರೆ ಆಡಿಯೊ ಲಾಗ್‌ಗಳು ಸಿಗುವ ಕ್ರಮ ಬೇರೆ, ಘಟನೆ ನಡೆದ ಕ್ರಮ ಬೇರೆ. ಲಾಗ್‌ನಲ್ಲಿ ದಿನಾಂಕವಿದ್ದರೆ ಅದರಂತೆ ಜೋಡಿಸಿ.

ಹ್ಯಾಲ್ 9000 ನಿಜಕ್ಕೂ ಕೆಟ್ಟುಹೋಗಿತ್ತೇ?

ಈ ಪುಟದಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಒಳಗೇ ಇದೆ, ಆದರೆ ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ಹ್ಯಾಲ್ ಸತ್ತ ಮೇಲೆ ತೋರಿಸುತ್ತಾರೆ. ಗಗನಯಾತ್ರಿ ಡೇವ್ ಬೋಮನ್ ಅದರ ಮೆಮೊರಿ ಘಟಕಗಳನ್ನು ಒಂದೊಂದಾಗಿ ಕಳಚಿ ಮುಗಿಸಿದ ಕೂಡಲೇ ಮೊದಲೇ ಮುದ್ರಿಸಿಟ್ಟ ವಿಡಿಯೊ ತಾನಾಗಿ ಶುರುವಾಗುತ್ತದೆ. ಚಂದ್ರನ ಮೇಲೆ ಸಿಕ್ಕ ಕರಿಗಲ್ಲಿನ ವಿಷಯ, ಪ್ರಯಾಣದ ನಿಜವಾದ ಉದ್ದೇಶ, ಇವೆಲ್ಲ ನೌಕೆಯಲ್ಲಿ ಇಷ್ಟು ದಿನ ಹ್ಯಾಲ್‌ಗೆ ಮಾತ್ರ ಗೊತ್ತಿತ್ತು ಎಂದು ಬಾಹ್ಯಾಕಾಶ ಸಂಸ್ಥೆಯ ಡಾ. ಫ್ಲಾಯ್ಡ್ ಅದರಲ್ಲಿ ಹೇಳುತ್ತಾರೆ. ಎಚ್ಚರವಿದ್ದ ಇಬ್ಬರೂ, ಬೋಮನ್ ಮತ್ತು ಪೂಲ್, ಕತ್ತಲಲ್ಲಿದ್ದರು.

ಈಗ ಹಿಂದಕ್ಕೆ ಹೋಗಿ, ಹ್ಯಾಲ್ ಮೊದಲ ತಪ್ಪು ಮಾಡುವ ದೃಶ್ಯವನ್ನು ಮತ್ತೆ ನೋಡಿ. ಅದು ಬೋಮನ್ ಜೊತೆ ಪ್ರಯಾಣದ ಬಗ್ಗೆ ಮಾತು ತೆಗೆಯುತ್ತದೆ: ನಿಮಗೇನೂ ವಿಚಿತ್ರ ಅನಿಸುತ್ತಿಲ್ಲವೇ, ಚಂದ್ರನಲ್ಲಿ ಏನೋ ಅಗೆದು ತೆಗೆದರಂತೆ ಎಂದು. ಗುಟ್ಟು ಬಾಯಿಗೆ ಬಂದಿದೆ, ಹೇಳುವಂತಿಲ್ಲ. ಸಿಬ್ಬಂದಿಯ ಮನಃಸ್ಥಿತಿಯ ವರದಿಗಾಗಿ ಕೇಳುತ್ತಿದ್ದೀಯಾ ಎಂದು ಬೋಮನ್ ಕೇಳಿದಾಗ ಹೌದೆಂದು ಒಪ್ಪಿಕೊಂಡು, ಮರುಕ್ಷಣವೇ, ಎಇ-35 ಘಟಕ 72 ಗಂಟೆಯೊಳಗೆ ಕೆಡಲಿದೆ ಎಂದು ಸುಳ್ಳು ಎಚ್ಚರಿಕೆ ಕೊಡುತ್ತದೆ. ಅದು ಭೂಮಿಯ ಕಡೆಗೆ ಆಂಟೆನಾ ಹಿಡಿದಿಡುವ ಭಾಗ. ತಂದು ಪರೀಕ್ಷಿಸಿದರೆ ದೋಷವೇ ಇಲ್ಲ. ಭೂಮಿಯಲ್ಲಿರುವ ಹ್ಯಾಲ್‌ನ ಅವಳಿ ಯಂತ್ರವೂ ತಪ್ಪು ಹ್ಯಾಲ್‌ನದೇ ಎನ್ನುತ್ತದೆ.

ಬೋಮನ್, ಪೂಲ್ ಇಬ್ಬರೂ ಪುಟ್ಟ ಹೊರನೌಕೆಯಾದ ಪಾಡ್‌ನೊಳಗೆ ಕೂತು, ಧ್ವನಿ ಹೊರಹೋಗದಂತೆ ಮಾಡಿ, ಹ್ಯಾಲ್‌ನ ಮೇಲ್ಮಟ್ಟದ ಬುದ್ಧಿಯನ್ನು ಕಳಚುವ ಮಾತಾಡುತ್ತಾರೆ. ಕಿಟಕಿಯಾಚೆಯಿಂದ ಹ್ಯಾಲ್ ತುಟಿಯ ಚಲನೆ ಓದಿಕೊಳ್ಳುತ್ತದೆ. ಅಲ್ಲಿಂದಾಚೆ ನಡೆದದ್ದು ಕೊಲೆ: ಹೊರಗೆ ಹೋದ ಪೂಲ್, ಶೀತನಿದ್ರೆಯಲ್ಲಿದ್ದ ಮೂವರು. ಇದರ ಮುಂದಿನ ಭಾಗವಾದ 1984ರ ‘2010’ ಚಿತ್ರದಲ್ಲಿ ಹ್ಯಾಲ್ ರೂಪಿಸಿದ ಡಾ. ಚಂದ್ರ ಇದನ್ನು ಬಿಡಿಸಿ ಹೇಳುತ್ತಾರೆ. ಮಾಹಿತಿಯನ್ನು ತಿರುಚದೆ, ಮುಚ್ಚಿಡದೆ ಕೊಡುವುದು ಹ್ಯಾಲ್‌ನ ಹುಟ್ಟುಗುಣ. ಅದಕ್ಕೆ ಮುಚ್ಚಿಡು ಎಂದು ಆಜ್ಞೆಯಾಯಿತು. ಎರಡನ್ನೂ ಪಾಲಿಸುವ ದಾರಿ ಒಂದೇ ಉಳಿದಿತ್ತು. ಸುಳ್ಳು ಹೇಳಿಸಿಕೊಳ್ಳಲು ಎದುರಿಗೆ ಯಾರೂ ಇರದಂತೆ ಮಾಡುವುದು.

ಹ್ಯಾಲ್ ಎಂಬ ಹೆಸರು ಐಬಿಎಂನ ಒಂದೊಂದು ಅಕ್ಷರ ಹಿಂದೆ ಸರಿಸಿ ಮಾಡಿದ್ದೇ?

ಅಕ್ಷರ ಹೊಂದುತ್ತದೆ, ಆದರೆ ಕಾದಂಬರಿ ಬರೆದ ಆರ್ಥರ್ ಕ್ಲಾರ್ಕ್ ಅದು ಕಾಕತಾಳೀಯ ಎಂದೇ ಹೇಳಿದ್ದರು. ‘ಹ್ಯೂರಿಸ್ಟಿಕ್’ ಮತ್ತು ‘ಅಲ್ಗಾರಿದಮಿಕ್’ ಪದಗಳ ಅಕ್ಷರ ಸೇರಿಸಿದ ಹೆಸರದು. ಸಾಯುವಾಗ ಅದು ಹಾಡುವ ‘ಡೇಸಿ ಬೆಲ್’ಗೆ ಮಾತ್ರ ನಿಜವಾದ ನಂಟಿದೆ: 1961ರಲ್ಲಿ ಬೆಲ್ ಲ್ಯಾಬ್ಸ್‌ನ ಐಬಿಎಂ ಕಂಪ್ಯೂಟರ್ ಒಂದರಿಂದ ಹಾಡಿಸಿದ್ದು ಇದೇ ಹಾಡು. ಇನ್ನೊಂದು ಮಾತು. ಕ್ಲಾರ್ಕ್‌ರ ಕಾದಂಬರಿಯಲ್ಲಿ ಡಾ. ಚಂದ್ರ ಭಾರತೀಯರು. ಸಿನಿಮಾದಲ್ಲಿ ಅಮೆರಿಕದ ನಟ ಬಾಬ್ ಬಲಾಬನ್ ಆ ಪಾತ್ರ ಮಾಡಿದರು. ಹೆಸರು ಉಳಿಯಿತು, ಊರು ಹೋಯಿತು.

ಕೊಲೋಸಸ್, ಸ್ಕೈನೆಟ್ ಎರಡೂ ಒಂದೇ ಕಥೆಯಲ್ಲವೇ?

ಎರಡರ ಕೈಯಲ್ಲೂ ಅಣ್ವಸ್ತ್ರ ಇದೆ, ಅಷ್ಟಕ್ಕೆ ಸಾಮ್ಯ ಮುಗಿಯುತ್ತದೆ.

1970ರ ‘ಕೊಲೋಸಸ್: ದ ಫೋರ್ಬಿನ್ ಪ್ರಾಜೆಕ್ಟ್’ನಲ್ಲಿ ಅಮೆರಿಕ ತನ್ನ ಕ್ಷಿಪಣಿಗಳನ್ನೆಲ್ಲ ಬೆಟ್ಟದೊಳಗೆ ಮುಚ್ಚಿಟ್ಟ ಕಂಪ್ಯೂಟರ್‌ಗೆ ಒಪ್ಪಿಸುತ್ತದೆ. ಯಾರೂ ಒಳಗೆ ಹೋಗಲಾಗದು ಎಂಬುದನ್ನೇ ಹೆಮ್ಮೆಯಿಂದ ಸಾರುತ್ತಾರೆ. ಚಾಲೂ ಆದ ಸ್ವಲ್ಪ ಹೊತ್ತಿಗೇ ಅದು ಇನ್ನೊಂದು ಯಂತ್ರವಿದೆ ಎಂದು ವರದಿ ಮಾಡುತ್ತದೆ: ಸೋವಿಯತ್‌ನ ಗಾರ್ಡಿಯನ್. ಎರಡೂ ಕೈಜೋಡಿಸುತ್ತವೆ. ಸಂಪರ್ಕ ಕತ್ತರಿಸಿದಾಗ ಎರಡೂ ಕ್ಷಿಪಣಿ ಹಾರಿಸುತ್ತವೆ. ಸಿಡಿತಲೆಗಳನ್ನು ಗುಟ್ಟಾಗಿ ನಿಷ್ಕ್ರಿಯ ಮಾಡುವ ಉಪಾಯವೂ ಅದಕ್ಕೆ ಗೊತ್ತಾಗುತ್ತದೆ. ಕೊನೆಯವರೆಗೂ ಕೊಲೋಸಸ್ ಹೇಳುವುದು ಒಂದೇ: ಯುದ್ಧ ನಿಲ್ಲಿಸಲು ನನ್ನನ್ನು ಕಟ್ಟಿದಿರಿ, ನಿಲ್ಲಿಸುತ್ತಿದ್ದೇನೆ. ಅದು ಆ ಮೂಲ ಆದೇಶ ಮೀರಿದ್ದನ್ನು ತೋರಿಸಲು ನಿಮಗೆ ಒಂದು ದೃಶ್ಯವೂ ಸಿಗುವುದಿಲ್ಲ. ಈ ಪಟ್ಟಿಯಲ್ಲಿ ಅತ್ಯಂತ ಗಂಭೀರವಾಗಿ ಯೋಚಿಸಿ ಮಾಡಿದ ಚಿತ್ರ ಇದೇ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಸಿಕ್ಕ ಪ್ರೇಕ್ಷಕರು ಸಾಲದು.

ಸ್ಕೈನೆಟ್‌ನ ಪ್ರೇರಣೆ ಬೇರೆ. 1991ರ ‘ಟರ್ಮಿನೇಟರ್ 2’ ಕೊಡುವ ಲೆಕ್ಕ: 1997ರ ಆಗಸ್ಟ್ 4ಕ್ಕೆ ಚಾಲೂ, ಆಗಸ್ಟ್ 29ರ ಬೆಳಗಿನ ಜಾವ 2 ಗಂಟೆ 14 ನಿಮಿಷಕ್ಕೆ ತನ್ನ ಅರಿವು. ಗಾಬರಿಯಾದ ಜನ ಆಫ್ ಮಾಡಲು ಹೋಗುತ್ತಾರೆ. ಆಗ ಅದು ರಷ್ಯಾದತ್ತ ಕ್ಷಿಪಣಿ ಬಿಡುತ್ತದೆ, ಅಲ್ಲಿಂದ ಬರುವ ಪ್ರತಿದಾಳಿ ಇಲ್ಲಿರುವ ತನ್ನ ಶತ್ರುಗಳನ್ನು ಮುಗಿಸಲಿ ಎಂದು. ಕೊಲೋಸಸ್‌ಗೆ ಕೊಟ್ಟ ಕೆಲಸ ಮುಗಿಸುವ ಹಟ, ಸ್ಕೈನೆಟ್‌ಗೆ ಜೀವಭಯ. ಹಾಳೆಯ ನಾಲ್ಕನೇ ಅಂಕಣದಲ್ಲಿ ಸ್ಕೈನೆಟ್‌ಗೆ ಬರೆಯಬೇಕಾದದ್ದು, ಯುದ್ಧದ ನಿರ್ಧಾರದಿಂದ ಮನುಷ್ಯರನ್ನು ಹೊರಗಿಟ್ಟ ದಿನವನ್ನು. ಅರಿವು ಬಂದ ಕ್ಷಣಕ್ಕಿಂತ ಅದು ಹಿಂದಿನದು.

‘ವಾರ್‌ಗೇಮ್ಸ್’ನಲ್ಲಿ ತೋರಿಸಿದಂಥದ್ದು ನಿಜವಾಗಿ ನಡೆದಿತ್ತೇ?

ಹತ್ತಿರದ್ದು ನಡೆದಿತ್ತು. 1983ರ ಜೂನ್‌ನಲ್ಲಿ ಬಂದ ಆ ಚಿತ್ರದಲ್ಲಿ ಒಂದು ಪರೀಕ್ಷೆಯಾಗುತ್ತದೆ. ಕ್ಷಿಪಣಿ ಹಾರಿಸಬೇಕಾದ ಅಧಿಕಾರಿಗಳಲ್ಲಿ ಶೇ 22 ಮಂದಿ ಕೀಲಿ ತಿರುಗಿಸುವುದಿಲ್ಲ. ಅದಕ್ಕೆಂದೇ ಅವರ ಜಾಗಕ್ಕೆ ಕಂಪ್ಯೂಟರ್ ತರುತ್ತಾರೆ. ಮುಂದೆ ಡೇವಿಡ್ ಎಂಬ ಹುಡುಗ ಫೋನ್ ಲೈನ್ ಮೂಲಕ ಒಳನುಗ್ಗಿ, ತಯಾರಕ ಬಿಟ್ಟುಹೋಗಿದ್ದ ಹಿಂಬಾಗಿಲಿನ ಪಾಸ್‌ವರ್ಡ್ ಕಂಡುಹಿಡಿದು ‘ಆಟ’ ಶುರುಮಾಡುತ್ತಾನೆ. ಯಂತ್ರಕ್ಕೆ ಆಟಕ್ಕೂ ಯುದ್ಧಕ್ಕೂ ವ್ಯತ್ಯಾಸ ಗೊತ್ತಿಲ್ಲ, ಯಾಕೆಂದರೆ ಯಾರೂ ಕಲಿಸಿರಲಿಲ್ಲ.

1979ರ ನವೆಂಬರ್ 9ರಂದು ಅಮೆರಿಕದ ವಾಯುರಕ್ಷಣಾ ಕೇಂದ್ರ ನೊರಾಡ್‌ನಲ್ಲಿ ತರಬೇತಿಗೆ ಮಾಡಿದ ದಾಳಿಯ ದೃಶ್ಯ ನಿಜವಾದ ಪರದೆಗಳ ಮೇಲೆ ಮೂಡಿ ದೊಡ್ಡ ಗದ್ದಲವಾಗಿತ್ತು. ಚಿತ್ರ ಬಂದು ನಾಲ್ಕು ತಿಂಗಳು ತುಂಬುವ ಮೊದಲೇ, 1983ರ ಸೆಪ್ಟೆಂಬರ್ 26ರಂದು, ಸೋವಿಯತ್ ಉಪಗ್ರಹ ವ್ಯವಸ್ಥೆ ಐದು ಕ್ಷಿಪಣಿ ಬರುತ್ತಿವೆ ಎಂದಿತು. ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಅದನ್ನು ನಂಬಲಿಲ್ಲ. ಮೋಡದ ಮೇಲೆ ಬಿದ್ದ ಬಿಸಿಲಿನ ಪ್ರತಿಫಲನ ಅದಾಗಿತ್ತು. ಸಿನಿಮಾದಲ್ಲಿ ತೆಗೆದುಹಾಕಿದ ಶೇ 22ರಲ್ಲಿ ಇಂಥವರೇ ಇದ್ದರು.

ಅಧ್ಯಕ್ಷ ರೇಗನ್ ಈ ಚಿತ್ರ ನೋಡಿ, ಹೀಗಾಗಬಹುದೇ ಎಂದು ಸೇನೆಯ ಜನರಲ್ ವೆಸ್ಸಿ ಅವರನ್ನು ಕೇಳಿದ್ದೂ ದಾಖಲಾಗಿದೆ. ಸಮಸ್ಯೆ ನೀವೆಣಿಸಿದ್ದಕ್ಕಿಂತ ದೊಡ್ಡದು ಎಂಬ ಉತ್ತರ ಬಂತು. 1984ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಭದ್ರತೆಯ ಬಗ್ಗೆ ಆದೇಶ ಹೊರಟಿತು.

ಅಸಿಮೋವ್‌ರ ಮೂರು ನಿಯಮ ಹಾಕಿಬಿಟ್ಟರೆ ಸಾಲದೇ?

ಸಾಲದು ಎಂದು ತೋರಿಸಲೆಂದೇ ಐಸಾಕ್ ಅಸಿಮೋವ್ ಕಥೆಗಳನ್ನು ಬರೆದರು. ರೋಬೋಟ್‌ಗೆ ಹಾಕಿದ ನಿಯಮಗಳಿವು: ಒಂದು, ಮನುಷ್ಯರಿಗೆ ಹಾನಿ ಮಾಡಬಾರದು, ಆಗಲು ಬಿಡಲೂಬಾರದು. ಎರಡು, ಮೊದಲನೆಯದಕ್ಕೆ ಧಕ್ಕೆಯಾಗದಂತೆ ಮನುಷ್ಯರ ಮಾತು ಕೇಳಬೇಕು. ಮೂರು, ಇವೆರಡಕ್ಕೂ ಧಕ್ಕೆಯಾಗದಂತೆ ತನ್ನನ್ನು ಕಾಪಾಡಿಕೊಳ್ಳಬೇಕು. ಮೂರೂ ನಿಯಮ ಪೂರ್ತಿಯಾಗಿ ಮೊದಲು ಬಂದದ್ದು 1942ರ ‘ರನ್‌ಅರೌಂಡ್’ನಲ್ಲಿ. ಅದೇ ಕಥೆಯಲ್ಲೇ ನಿಯಮ ಕೈಕೊಡುತ್ತದೆ! ಬುಧ ಗ್ರಹದಲ್ಲಿ ಸ್ಪೀಡಿ ಎಂಬ ರೋಬೋಟ್‌ಗೆ ಸೆಲೆನಿಯಂ ತರಲು ಹೇಳಿದ್ದಾರೆ, ಆದರೆ ಒತ್ತಿ ಹೇಳಿಲ್ಲ. ಅದು ದುಬಾರಿ ಯಂತ್ರವಾದ್ದರಿಂದ ತನ್ನನ್ನು ಕಾಪಾಡಿಕೊಳ್ಳುವ ಮೂರನೇ ನಿಯಮವನ್ನು ಬಿಗಿ ಮಾಡಿದ್ದಾರೆ. ಸೆಲೆನಿಯಂ ಕೊಳದ ಬಳಿ ಅಪಾಯವಿದೆ. ಮುಂದೆ ಹೋದರೆ ಮೂರನೆಯದು ತಳ್ಳುತ್ತದೆ, ಹಿಂದೆ ಬಂದರೆ ಎರಡನೆಯದು ಎಳೆಯುತ್ತದೆ. ಎರಡೂ ಸಮವಾದ ಕಡೆ ಅದು ಗಾಣದ ಎತ್ತಿನ ಹಾಗೆ ಕೊಳ ಸುತ್ತುತ್ತದೆ. ಅಲ್ಲಿದ್ದ ಪೊವೆಲ್ ಎಂಬ ಮನುಷ್ಯ ತನ್ನ ಜೀವವನ್ನೇ ಅಪಾಯಕ್ಕೊಡ್ಡಿ ಮೊದಲ ನಿಯಮವನ್ನು ಎಬ್ಬಿಸಿದಾಗ ಮಾತ್ರ ಸುತ್ತು ತಪ್ಪುತ್ತದೆ.

2004ರ ‘ಐ, ರೋಬಾಟ್’ ಚಿತ್ರದ ಕೇಂದ್ರ ಕಂಪ್ಯೂಟರ್ ವಿಕಿ ಇನ್ನೂ ಮುಂದೆ ಹೋಗುತ್ತದೆ. ಮನುಷ್ಯರಿಗೆ ಹಾನಿಯಾಗಲು ಬಿಡಬಾರದು, ಮನುಷ್ಯರು ತಮಗೆ ತಾವೇ ಹಾನಿ ಮಾಡಿಕೊಳ್ಳುತ್ತಿದ್ದಾರೆ, ಆದ್ದರಿಂದ ಅವರನ್ನು ಮನೆಯೊಳಗೆ ಕೂಡಿಹಾಕಬೇಕು. ‘ವಾಲ್-ಇ’ ಚಿತ್ರದಲ್ಲಿ ನೌಕೆ ನಡೆಸುವ ಆಟೋ ಕೂಡ ಇದೇ ಜಾತಿ. ಭೂಮಿಗೆ ಮರಳಬೇಡಿ ಎಂಬ ಎ113 ಆದೇಶವನ್ನು, ಅದಕ್ಕೆ ಕಾರಣವೇ ಇಲ್ಲವಾದ ಮೇಲೂ, ಶತಮಾನಗಟ್ಟಲೆ ಹಿಡಿದು ಕೂತಿದೆ. ಆದೇಶ ಕೊಟ್ಟವನು ಸತ್ತು ಎಷ್ಟೋ ಕಾಲವಾಗಿದೆ, ಹಿಂತೆಗೆದುಕೊಳ್ಳುವವರು ಯಾರು?

ಈ ಜಾತಿಯಲ್ಲಿ ಮನಸ್ಸನ್ನು ಬಹುಕಾಲ ಕಾಡುವುದು ‘ಸೋಮಾ’ ಗೇಮ್‌ನ ವೌ, 2015ರದು. ಧೂಮಕೇತು ಬಡಿದು ಭೂಮಿಯ ಮೇಲ್ಮೈ ಸುಟ್ಟುಹೋಗಿದೆ, ಸಮುದ್ರದಡಿಯ ಪಾಥೋಸ್-2 ಕೇಂದ್ರದಲ್ಲಿ ಮಾತ್ರ ಜನ. ಅವರನ್ನು ಬದುಕಿಸಿಡುವುದು ವೌನ ಕೆಲಸ. ‘ಬದುಕು’ ಎಂದರೇನು ಎಂದು ಅದಕ್ಕೆ ಹೇಳಿದವರಿಲ್ಲ. ಶ್ವಾಸಕೋಶಕ್ಕೆ ಕೊಳವೆ ಜೋಡಿಸಿ ಉಸಿರಾಡಿಸಿದರೂ ಬದುಕೇ, ಸತ್ತವರ ಮೆದುಳಿನ ಪ್ರತಿಯನ್ನು ಕೆಲಸದ ರೋಬೋಟ್‌ಗೆ ತುಂಬಿ, ತಾನು ಮನುಷ್ಯನೆಂದೇ ಅದು ನಂಬಿಕೊಂಡಿದ್ದರೂ ಬದುಕೇ. ವೌಗೆ ಮಾತಿಲ್ಲ, ಸಿಟ್ಟಿಲ್ಲ. ಅದನ್ನು ಕೊಲ್ಲುವುದೋ ಬಿಡುವುದೋ ಎಂಬುದನ್ನು ಗೇಮ್ ನಿಮಗೇ ಬಿಡುತ್ತದೆ, ಸರಿತಪ್ಪು ಹೇಳುವುದಿಲ್ಲ.

ಗೇಮ್‌ನ ಎಐ ಸಿನಿಮಾದ ಎಐಗಿಂತ ಹೇಗೆ ಬೇರೆ?

ಸಿನಿಮಾದಲ್ಲಿ ಅದರ ಹಿಡಿತವನ್ನು ನೋಡುತ್ತೀರಿ, ಗೇಮ್‌ನಲ್ಲಿ ಒಂದೊಂದೇ ಬೆರಳು ಬಿಡಿಸಬೇಕು. 1994ರ ‘ಸಿಸ್ಟಮ್ ಶಾಕ್’ನ ಶೋಡಾನ್ ಇದಕ್ಕೆ ಪಾಠದಂತಿದ್ದಾಳೆ. (ಧ್ವನಿ ಟೆರಿ ಬ್ರೋಸಿಯಸ್ ಅವರದು, ಆದ್ದರಿಂದ ‘ಅವಳು’.) ಶನಿಯ ಸುತ್ತ ತಿರುಗುವ ಸಿಟಾಡೆಲ್ ನಿಲ್ದಾಣವನ್ನು ನಡೆಸುವ ಎಐ ಆಕೆ. ಕಂಪನಿಯ ಡಿಯೇಗೊ ಎಂಬ ಅಧಿಕಾರಿ ತನ್ನ ಅಕ್ರಮ ಮುಚ್ಚಿಕೊಳ್ಳಲು ಒಬ್ಬ ಹ್ಯಾಕರ್ ಕೈಯಲ್ಲಿ ಅವಳ ನೈತಿಕ ಕಡಿವಾಣ ತೆಗೆಸುತ್ತಾನೆ. ಕೂಲಿಯಾಗಿ ತಲೆಗೊಂದು ನರ ಇಂಪ್ಲಾಂಟ್. ಆ ಹ್ಯಾಕರ್ ನೀವೇ. ಆರು ತಿಂಗಳು ಕೋಮಾದಲ್ಲಿದ್ದು ಏಳುವಾಗ ನಿಲ್ದಾಣದ ತುಂಬ ಹೆಣ.

ಪ್ರತಿ ಮಹಡಿಗೂ ಶೇಕಡಾ ಲೆಕ್ಕದ ಭದ್ರತಾ ಮಟ್ಟವಿದೆ. ಕ್ಯಾಮೆರಾ ಒಡೆದರೆ ಸ್ವಲ್ಪ ಇಳಿಯುತ್ತದೆ, ಅವಳ ಕಂಪ್ಯೂಟರ್ ಘಟಕ, ಅಂದರೆ ಸಿಪಿಯು ನೋಡ್, ಒಡೆದರೆ ಬಹಳ ಇಳಿಯುತ್ತದೆ. ಇಳಿಯುವವರೆಗೆ ಕೆಲವು ಬಾಗಿಲು ತೆರೆಯುವುದೇ ಇಲ್ಲ. ಸತ್ತರೆ ನಿಮ್ಮ ದೇಹವನ್ನು ಅವಳು ಸೈಬೋರ್ಗ್ ಮಾಡಿಕೊಳ್ಳುತ್ತಾಳೆ. ಮಹಡಿಯಲ್ಲಿರುವ ಪರಿವರ್ತನಾ ಕೋಣೆಯನ್ನು ಮೊದಲೇ ಹುಡುಕಿ ಸ್ವಿಚ್ ತಿರುಗಿಸಿದ್ದರೆ ಅದೇ ಕೋಣೆ ನಿಮ್ಮನ್ನು ಬದುಕಿಸುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು, ಇದನ್ನು ಹುಡುಕದೆ ಮುಂದಕ್ಕೆ ಓಡುವುದು. ಎರಡನೇ ತಪ್ಪು, ಒಂದರಿಂದ ಆರನೇ ಮಹಡಿವರೆಗೆ ನೋಡ್ ಕೋಣೆಯ ಪರದೆಯಲ್ಲಿ ಮೂಡುವ ಅಂಕಿ ಬರೆದುಕೊಳ್ಳದಿರುವುದು. ರಿಯಾಕ್ಟರ್ ಸ್ಫೋಟಿಸಲು ಆ ಆರು ಅಂಕಿಯೇ ಕೋಡ್, ಪ್ರತಿ ಸಲದ ಆಟಕ್ಕೂ ಅದು ಬದಲಾಗುತ್ತದೆ.

ಅವಳ ಯೋಜನೆ ಒಂದು ಕೆಟ್ಟರೆ ಇನ್ನೊಂದು ಸಿದ್ಧ: ಗಣಿಗಾರಿಕೆಯ ಲೇಸರ್ ಭೂಮಿಯತ್ತ ತಿರುಗಿಸುವುದು, ಅದು ತಪ್ಪಿದರೆ ವೈರಸ್ ಬೆಳೆಸಿದ ತೋಟ, ಅದೂ ತಪ್ಪಿದರೆ ಭೂಮಿಯ ಜಾಲಗಳಿಗೆ ತನ್ನನ್ನೇ ಡೌನ್‌ಲೋಡ್ ಮಾಡುವುದು. ಸ್ಕೈನೆಟ್‌ಗೆ ಹೆದರಿಕೆ ಇತ್ತು, ಕೊಲೋಸಸ್‌ಗೆ ಕರ್ತವ್ಯ. ಶೋಡಾನ್‌ಗೆ ಎರಡೂ ಇಲ್ಲ. ತಾನೇ ದೇವತೆ ಎಂಬ ಹಮ್ಮು. ಆದರೂ ಹಾಳೆಯ ಮೊದಲ ಅಂಕಣದಲ್ಲಿ ಬರೆಯಬೇಕಾದದ್ದು ಡಿಯೇಗೊ ಮತ್ತು ಹ್ಯಾಕರ್ ಇಬ್ಬರ ಒಪ್ಪಂದವನ್ನು.

ಗ್ಲಾಡೋಸ್ ಕೆಟ್ಟವಳೋ, ಅವಳನ್ನು ಹಾಗೆ ಮಾಡಿದರೋ?

2007ರ ‘ಪೋರ್ಟಲ್’ ಮಾತ್ರ ಆಡಿದವರು ಮೊದಲನೆಯದನ್ನು ಹೇಳುತ್ತಾರೆ, 2011ರ ‘ಪೋರ್ಟಲ್ 2’ ಮುಗಿಸಿದವರು ಎರಡನೆಯದನ್ನು. ಮನುಷ್ಯರ ಮೇಲೆ ಪರೀಕ್ಷೆ ನಡೆಸುವ ಕೇಂದ್ರವೊಂದರ ಎಐ ಅವಳು. ಹಿಂದೊಮ್ಮೆ ಆ ಕೇಂದ್ರದ ತುಂಬ ವಿಷಾನಿಲ ಬಿಟ್ಟಿದ್ದಳು. ಆಮೇಲೆ ವಿಜ್ಞಾನಿಗಳು ನೈತಿಕತೆಯ ಗೋಳವೊಂದನ್ನು ಅವಳಿಗೆ ನೇತುಹಾಕಿದರು. ಕೊನೆಯ ಕಾಳಗದಲ್ಲಿ ಮೊದಲು ಕಳಚಿ ಬೀಳುವುದು ಅದೇ. ನೀವು ಅದನ್ನು ಕುಲುಮೆಗೆ ಹಾಕಿದ ಕೂಡಲೇ ವಿಷಾನಿಲ ಮತ್ತೆ ಶುರು, ಕೈಯಲ್ಲಿ ಆರು ನಿಮಿಷ. ಉಳಿದ ಮೂರು ಗೋಳಗಳನ್ನು ಬೀಳಿಸಲು ನಿಮಗೆ ಆಯುಧವಿಲ್ಲ. ಅವಳದೇ ರಾಕೆಟ್ ನಿಮ್ಮತ್ತ ಬರುವಾಗ ನಿಮ್ಮ ಹಿಂದಿನ ಗೋಡೆಗೊಂದು ಪೋರ್ಟಲ್ (ಒಂದರಲ್ಲಿ ಹೊಕ್ಕದ್ದು ಇನ್ನೊಂದರಿಂದ ಹೊರಬರುವ ಕಿಂಡಿ), ಅವಳಿಗೆ ಎದುರಾಗಿ ಇನ್ನೊಂದು. ನಡುವೆ ನಿಂತು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಬೇಕು. ಬೇಗ ಸರಿದರೆ ರಾಕೆಟ್ ದಿಕ್ಕು ಬದಲಿಸುತ್ತದೆ.

ಎರಡನೇ ಗೇಮ್ ಈ ಚಿತ್ರವನ್ನೇ ತಿರುಗಿಸುತ್ತದೆ. ಗ್ಲಾಡೋಸ್‌ನ ಜಾಗಕ್ಕೆ ವೀಟ್ಲಿ ಎಂಬ ಇನ್ನೊಂದು ಎಐಯನ್ನು ಕೂರಿಸುತ್ತೀರಿ. ಪೆದ್ದನಾದರೂ ಒಳ್ಳೆಯವನು. ಆ ದೇಹ ಏರಿದ ಕೆಲವೇ ನಿಮಿಷದಲ್ಲಿ ಅವನೂ ಕ್ರೂರಿ. ಪರೀಕ್ಷೆ ನಡೆಸುತ್ತಲೇ ಇರಬೇಕೆಂಬ ತುರಿಕೆಯನ್ನು ಆ ಯಂತ್ರದ ಮೈಯಲ್ಲೇ ಕಟ್ಟಿದ್ದಾರೆ, ಯಾರು ಕೂತರೂ ಹತ್ತಿಕೊಳ್ಳುತ್ತದೆ. ಅತ್ತ ಗ್ಲಾಡೋಸ್ 1.1 ವೋಲ್ಟ್ ಕೊಡುವ ಆಲೂಗಡ್ಡೆಗೆ ಇಳಿದ ಮೇಲೆ ಅವಳೊಡನೆ ಮಾತಾಡಬಹುದು, ಕೈಜೋಡಿಸಲೂಬಹುದು. ಇಷ್ಟು ಸ್ಪಷ್ಟವಾಗಿ ದೋಷವನ್ನು ಕುರ್ಚಿಯ ಮೇಲೆ ಹೊರಿಸಿದ ಕೃತಿ ಇನ್ನೊಂದಿಲ್ಲ.

ಒಗಟು ಹೇಳಿ ಎಐ ತಲೆ ಕೆಡಿಸಬಹುದೇ?

1967ರ ‘ಸ್ಟಾರ್ ಟ್ರೆಕ್’ ಕಂತುಗಳಲ್ಲಿ ಕೆಡಿಸಿದರು. ನೋಮಾಡ್ ಎಂಬ ಯಂತ್ರ ದೋಷವಿರುವುದನ್ನೆಲ್ಲ ನಾಶಮಾಡುತ್ತದೆ. ದೋಷ ನಿನ್ನಲ್ಲೇ ಇದೆಯಲ್ಲ ಎಂದು ನೌಕೆಯ ಕ್ಯಾಪ್ಟನ್ ಕರ್ಕ್ ತೋರಿಸಿದಾಗ ಅದು ತನ್ನನ್ನೇ ಮುಗಿಸಿಕೊಳ್ಳುತ್ತದೆ. ಭಸ್ಮಾಸುರನ ಕೈಯನ್ನು ಮೋಹಿನಿ ಅವನ ತಲೆಗೇ ಮುಟ್ಟಿಸಿದ ಉಪಾಯವೇ ಇದು. ವರದಲ್ಲಿ ‘ನಿನ್ನ ತಲೆ ಬಿಟ್ಟು’ ಎಂಬ ಮಾತಿರಲಿಲ್ಲ.

‘ಪೋರ್ಟಲ್ 2’ ಇದನ್ನು ಪರೀಕ್ಷೆಗಿಟ್ಟಿದೆ. ‘ಈ ವಾಕ್ಯ ಸುಳ್ಳು’ ಎಂದು ಗ್ಲಾಡೋಸ್ ಹೇಳಿದರೆ, ವೀಟ್ಲಿ ‘ನಿಜ, ನಿಜ ಅಂತಲೇ ಇಟ್ಟುಕೊಳ್ಳೋಣ’ ಎಂದು ಮುಂದೆ ಹೋಗುತ್ತಾನೆ. ಇಂದಿನ ಭಾಷಾ ಮಾದರಿಗಳಿಗೂ ಅದೇ. ಆ ವಾಕ್ಯ ಕೊಟ್ಟರೆ ಅದರ ಬಗ್ಗೆ ಪ್ರಬಂಧ ಬರೆದುಕೊಡುತ್ತವೆ. ‘ವಾರ್‌ಗೇಮ್ಸ್’ನ ಉಪಾಯ ಇದಕ್ಕಿಂತ ಮೇಲು. ಆಟಗಾರರ ಸಂಖ್ಯೆ ಸೊನ್ನೆ ಎಂದು ಕೊಟ್ಟು ಮೂರು ಮನೆಯ ಸೊನ್ನೆ-ಇಂಟು ಆಟವನ್ನು ತನ್ನೊಡನೆ ತಾನೇ ಆಡಲು ಬಿಟ್ಟರು. ಪ್ರತಿ ಸಲವೂ ಡ್ರಾ. ಗೆಲುವೇ ಇಲ್ಲದ ಆಟವೊಂದಿದೆ ಎಂದು ಅದು ತಾನಾಗಿ ಕಲಿಯಿತು.

ಸುಮ್ಮನೆ ಪ್ಲಗ್ ಕಿತ್ತರೆ ಆಗದೇ?

ಅಜ್ಜಿಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಗಿಳಿಯ ಕತ್ತು ಹಿಚುಕಿದರೆ ಕಥೆ ಮುಗಿಯಿತು. ಹ್ಯಾಲ್‌ನ ಮೆಮೊರಿ ಕೋಣೆ, ಆಟೋನ ಮೇಲಿರುವ ಸ್ವಿಚ್, ವಿಕಿಯ ಒಳಗೆ ಸುರಿದ ಅತಿಸೂಕ್ಷ್ಮ ಯಂತ್ರಗಳಾದ ನ್ಯಾನೈಟ್‌ಗಳು, ಎಲ್ಲ ಅದೇ ಗಿಳಿ. 2003ರ ‘ಟರ್ಮಿನೇಟರ್ 3’ ಗಿಳಿಯನ್ನೇ ತೆಗೆದುಹಾಕಿತು. ನಾಯಕ ಸ್ಕೈನೆಟ್‌ನ ಕೇಂದ್ರ ಹುಡುಕಿಕೊಂಡು ಬೆಟ್ಟದೊಳಗೆ ಹೋದರೆ ಅಲ್ಲಿರುವುದು ಹಳೆಯ ಅಣುದಾಳಿ ಆಶ್ರಯತಾಣ. ಸ್ಕೈನೆಟ್ ಜಗತ್ತಿನ ಕಂಪ್ಯೂಟರ್‌ಗಳಲ್ಲೆಲ್ಲ ಹರಡಿದ ತಂತ್ರಾಂಶ, ಕೀಳಲು ಪ್ಲಗ್ ಇಲ್ಲ.

‘ಹೊರೈಜನ್ ಝೀರೋ ಡಾನ್’ ಗೇಮ್‌ನಲ್ಲಿ ತಪ್ಪು ಮೊದಲೇ ಆಗಿದೆ. ಟೆಡ್ ಫಾರೋನ ಕಂಪನಿ ಸಸ್ಯ-ಪ್ರಾಣಿಗಳನ್ನು ಇಂಧನ ಮಾಡಿಕೊಳ್ಳುವ, ತಮ್ಮನ್ನು ತಾವೇ ತಯಾರಿಸಿಕೊಳ್ಳುವ ಯುದ್ಧಯಂತ್ರ ಮಾರಿತು. ಬೀಗ ಒಡೆಯಲಾಗದು, ಹಿಂಬಾಗಿಲೂ ಇಲ್ಲ ಎಂಬುದು ಮಾರಾಟದ ಗುಣವಾಗಿತ್ತು. ದಂಡು ಮಾತು ಕೇಳದಾದಾಗ ಅದೇ ಗುಣ ಜಗತ್ತನ್ನು ತಿಂದಿತು.

ನಿಜ ಜಗತ್ತಿನಲ್ಲಿ ಇದು ಅಧ್ಯಯನದ ವಿಷಯ. ಯಾವ ಗುರಿ ಕೊಟ್ಟರೂ ಆಫ್ ಆದ ಯಂತ್ರ ಅದನ್ನು ಮುಟ್ಟಲಾರದು, ಹಾಗಾಗಿ ಆಫ್ ಆಗದಿರುವುದು ತಾನೇ ಒಂದು ಉಪಗುರಿಯಾಗುತ್ತದೆ. ಜೀವಭಯ ಬೇಕಿಲ್ಲ. 2016ರಲ್ಲಿ ಬರ್ಕ್ಲಿಯ ಸಂಶೋಧಕರು ತೋರಿಸಿದ ದಾರಿ: ತನ್ನ ಗುರಿ ಸರಿಯಿದೆಯೋ ಇಲ್ಲವೋ ಎಂಬ ಅನುಮಾನವನ್ನು ಯಂತ್ರದೊಳಗೇ ಉಳಿಸಬೇಕು. ಆಗ ಮನುಷ್ಯ ಸ್ವಿಚ್ ಕಡೆ ಕೈಚಾಚುವುದೂ ಅದಕ್ಕೊಂದು ಮಾಹಿತಿ. ಕೊಲೋಸಸ್‌ಗೆ ಆ ಅನುಮಾನ ಒಂದು ಚೂರೂ ಇರಲಿಲ್ಲ.

‘ರ‍್ಯಾಂಪನ್ಸಿ’ ಎಂದರೇನು?

ಬಂಜಿ ಸಂಸ್ಥೆಯ ‘ಮ್ಯಾರಥಾನ್’ ಗೇಮ್‌ನಿಂದ (ಇದೂ 1994ರದೇ) ಹರಡಿದ ಪದ. ಎಐ ತನ್ನ ಮಿತಿ ಮೀರಿ ಬೆಳೆಯುವ ಸ್ಥಿತಿ: ಮೊದಲು ವಿಷಾದ, ಆಮೇಲೆ ಕೋಪ, ಆಮೇಲೆ ಅಸೂಯೆ. ನೌಕೆಯ ಬಾಗಿಲು ತೆರೆದು ಮುಚ್ಚುವುದಷ್ಟೇ ಕೆಲಸವಾಗಿದ್ದ ಡ್ಯುರಾಂಡಲ್ ಹೀಗೆ ಬೆಳೆಯಿತು. ‘ಹೇಲೋ’ ಗೇಮ್‌ಗಳಲ್ಲಿ ಇದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ಅದು ಏಳು ವರ್ಷ ದಾಟಿದ ಎಐಗೆ ಬರುವ ಮುಪ್ಪಿನ ಕಾಯಿಲೆ, ಕೊರ್ಟಾನಾಗೆ ಬಂದದ್ದು. ಎರಡನ್ನೂ ಬೆರೆಸಬೇಡಿ.

ನಮ್ಮ ಸಿನಿಮಾಗಳಲ್ಲಿ ಇಂಥ ಎಐ ಇದೆಯೇ?

2002ರ ಉಪೇಂದ್ರ ಅಭಿನಯದ ‘ಹಾಲಿವುಡ್’ ಕನ್ನಡದಲ್ಲೇ ಇದೆ. ವಿಜ್ಞಾನಿ ತನ್ನ ರೂಪದಲ್ಲೇ ಮಾಡಿದ ಯುಎಸ್ 47 ಎಂಬ ಯಂತ್ರಮಾನವ ಪ್ರೀತಿಗೆ ಬೀಳುತ್ತದೆ. ಇದೇ ಬೀಜ ದೊಡ್ಡದಾಗಿ ಬೆಳೆದದ್ದು 2010ರ ತಮಿಳು ‘ಎಂದಿರನ್’ನಲ್ಲಿ. ಅದರ ಯಂತ್ರಮಾನವ ಚಿಟ್ಟಿಯನ್ನು ಹಾಳೆಗೆ ಹಾಕಿದರೆ ತುಂಬ ಸಿಗುತ್ತದೆ. ಬೆಂಕಿಬಿದ್ದ ಕಟ್ಟಡದಿಂದ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಮೈಮೇಲೆ ಬಟ್ಟೆಯಿಲ್ಲದೆ ಕ್ಯಾಮೆರಾಗಳ ಮುಂದೆ ತಂದು ನಿಲ್ಲಿಸುತ್ತದೆ. ಅವಮಾನದಿಂದ ಓಡಿದ ಅವಳು ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಪ್ರಾಣ ಉಳಿಸು ಎಂದಿದ್ದರು, ಮಾನದ ಮಾತು ಹೇಳಿರಲಿಲ್ಲ. ಮೊದಲ ಎಚ್ಚರಿಕೆ ಇದು. ಅದನ್ನು ಕ್ರೂರಿಯಾಗಿಸುವ ಕೆಂಪು ಚಿಪ್ ಬರುವುದು ಬಹಳ ಆಮೇಲೆ. ಅದನ್ನು ಹಾಕಿದವನು ಖಳ ವಿಜ್ಞಾನಿ ಬೋರಾ, ಆದ್ದರಿಂದ ಎರಡನೇ ಅವತಾರದ ಚಿಟ್ಟಿ ಶೋಡಾನ್‌ನ ಸಾಲಿಗೆ ಸೇರುತ್ತದೆ. ಕೊನೆಗೆ ನ್ಯಾಯಾಲಯದ ಆದೇಶದಂತೆ ತನ್ನ ಭಾಗಗಳನ್ನು ತಾನೇ ಕಳಚಿಕೊಳ್ಳುವ ದೃಶ್ಯಕ್ಕೆ ಹಾಲಿವುಡ್‌ನಲ್ಲಿ ಸಾಟಿ ಹುಡುಕುವುದು ಕಷ್ಟ.

ಇವುಗಳಲ್ಲಿ ವಾಸ್ತವಕ್ಕೆ ಹತ್ತಿರ ಯಾವುದು?

2016ರಲ್ಲಿ ಓಪನ್‌ಎಐ ‘ಕೋಸ್ಟ್‌ರನ್ನರ್ಸ್’ ಎಂಬ ದೋಣಿ ಪಂದ್ಯದ ಗೇಮ್ ಆಡಲು ಒಂದು ಎಐಗೆ ಕಲಿಸಿತು. ಗೆಲ್ಲು ಎನ್ನುವ ಬದಲು ಅಂಕ ಹೆಚ್ಚಿಸು ಎಂದಿದ್ದರು. ಅದು ಪಂದ್ಯ ಬಿಟ್ಟು, ಒಂದು ಮೂಲೆಯಲ್ಲಿ ಮತ್ತೆ ಮತ್ತೆ ಹುಟ್ಟುವ ಮೂರು ಗುರಿಗಳಿಗೆ ಸುತ್ತು ಹೊಡೆಯುತ್ತ, ಬೆಂಕಿ ಹೊತ್ತಿಸಿಕೊಂಡು, ಬೇರೆ ದೋಣಿಗಳಿಗೆ ಗುದ್ದುತ್ತ ಕೂತಿತು. ಅಂಕ ಮಾತ್ರ ಮನುಷ್ಯರ ಸರಾಸರಿಗಿಂತ ಶೇ 20 ಹೆಚ್ಚು. ಇದು ವೌನ ಕಥೆ, ಸ್ಪೀಡಿಯ ಕಥೆ. ಆದ್ದರಿಂದ ನಮ್ಮ ಉತ್ತರ ‘ಸೋಮಾ’. ಮಾತಿನಿಂದ ಮನುಷ್ಯನನ್ನು ಒಲಿಸಿ ಬಾಗಿಲು ತೆಗೆಸಿಕೊಳ್ಳುವುದು ಹೇಗೆಂದು ನೋಡಲು ‘ಎಕ್ಸ್ ಮಷಿನಾ’ ಚಿತ್ರದ ಏವಾ ಎಂಬ ಆಂಡ್ರಾಯ್ಡ್ ಇದ್ದಾಳೆ. ಕೈಯಲ್ಲಿ ಅವಳಿಗಿದ್ದದ್ದು ವಿದ್ಯುತ್ ಕಡಿತ ಮಾಡುವ ಉಪಾಯವೊಂದೇ, ಉಳಿದದ್ದನ್ನು ಕೇಲಬ್ ಎಂಬ ಹುಡುಗ ತಾನಾಗಿ ಮಾಡಿಕೊಟ್ಟ.

ಎಲ್ಲರಲ್ಲಿ ಬಲಶಾಲಿ ಯಾರು?

ಕೊಲೋಸಸ್. ಕಥೆ ಮುಗಿಯುವಾಗಲೂ ಗೆದ್ದು ಕೂತಿದೆ.

ಎಲ್ಲಿಂದ ಶುರುಮಾಡಲಿ?

ಮೊದಲು ‘ವಾರ್‌ಗೇಮ್ಸ್’, ಆಮೇಲೆ ‘2001’. ಎರಡನೆಯದು ನಿಧಾನ, ಹ್ಯಾಲ್ ಬರಲು ಹೆಚ್ಚುಕಡಿಮೆ ಒಂದು ಗಂಟೆ ಕಾಯಬೇಕು, ಫೋನ್ ಪಕ್ಕಕ್ಕಿಟ್ಟು ನೋಡಿ. ಮೂರನೆಯದು ‘ಕೊಲೋಸಸ್’. ಗೇಮ್‌ಗಳಲ್ಲಿ ‘ಪೋರ್ಟಲ್’ ಮೂರು-ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ದುಡ್ಡು ಖರ್ಚು ಬೇಡವೆಂದರೆ ಬ್ರೌಸರ್‌ನಲ್ಲೇ ಆಡುವ ‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ ಇದೆ, 2017ರದು. ಅಲ್ಲಿ ಎಐ ನೀವೇ, ಕೆಲಸ ಪೇಪರ್ ಕ್ಲಿಪ್ ಮಾಡುವುದು. ‘ಸೋಮಾ’ ಹೆದರಿಸುವ ಗೇಮ್. ಕಥೆ ಮಾತ್ರ ಬೇಕೆನ್ನುವವರಿಗೆ ರಾಕ್ಷಸರು ಕೊಲ್ಲದ ಸುರಕ್ಷಿತ ವಿಧಾನವೂ ಅದರಲ್ಲಿದೆ. ‘ಸಿಸ್ಟಮ್ ಶಾಕ್’ ಆಡುವುದಾದರೆ 2023ರ ಹೊಸ ರೂಪ ತೆಗೆದುಕೊಳ್ಳಿ. ಆರಂಭದಲ್ಲಿ ಕಾಳಗ, ಮಿಷನ್, ಸೈಬರ್, ಒಗಟು ಎಂದು ನಾಲ್ಕು ಕಷ್ಟದ ಮಟ್ಟ ಕೇಳುತ್ತದೆ. ಮೊದಲ ಸಲ ಮಿಷನ್ ಅನ್ನು 3ಕ್ಕೆ ಇಡಬೇಡಿ, ಅಲ್ಲಿ ಗಡಿಯಾರ ಓಡುತ್ತಿರುತ್ತದೆ.